ಟವೆಲು ಹೊದ್ದ ಕುರ್ಚಿ

ಶಾಲೆಗೆ ಹೊಸದಾಗಿ ಬಂದ ಹೆಡ್‌ಮಾಸ್ಟರ್ ರುದ್ರಮುನಿಯವರಿಗೆ ಬದಲಾವಣೆಯ ಹುಚ್ಚು. "ಇನ್ನು ಸಾಲು ಬೆಂಚು ಬೇಡ. ಮೇಷ್ಟ್ರೂ ಮಕ್ಕಳೂ ಒಟ್ಟಿಗೆ ದುಂಡಗೆ ಕೂರಬೇಕು. ಯಾರೂ ಹೆಚ್ಚಲ್ಲ, ಯಾರೂ ಕಡಿಮೆಯಲ್ಲ" ಅಂದರು. ಮೇಷ್ಟ್ರುಗಳು ಗೊಣಗಿದರು.

ಹೆಡ್‌ಮಾಸ್ಟರು ಜವಾನ ಹಾಲಪ್ಪನನ್ನು ಕರೆದರು. "ಬದಲಾವಣೆ ಬೇಡ ಅನ್ನೋರ ಹೆಸರು ಬರ್ಕೊಂಡು ಬಾ. ನಾಳೆ ಮೀಟಿಂಗಿಗೆ ಪಟ್ಟಿ ಬರದಿದ್ದರೆ ನಿನ್ನನ್ನೇ ವರ್ಗ ಮಾಡಿಸ್ತೀನಿ!"

ಹಾಲಪ್ಪನಿಗೆ ಹೆದರಿಕೆಗಿಂತ ಕುತೂಹಲವೇ ಜಾಸ್ತಿ. ಈ ಬದಲಾವಣೆ ನಿಜವಾಗಿ ಯಾರಿಗೆ ಚುಚ್ಚುತ್ತೆ, ನೋಡೇಬಿಡೋಣ ಅಂದುಕೊಂಡ. ಮಾರನೇ ದಿನ ಮೀಟಿಂಗಿಗೆ ಪ್ಲಾಸ್ಟಿಕ್ ಕುರ್ಚಿಗಳನ್ನು ದುಂಡಗೆ ಹಾಕಿದ. ಹೆಡ್‌ಮಾಸ್ಟರ ದೊಡ್ಡ ಕುರ್ಚಿಯನ್ನು, ಅದರ ಬೆನ್ನಿಗೆ ಹೊದಿಸಿದ್ದ ಬಿಳಿ ಟವೆಲಿನ ಸಮೇತ, ಮೂಲೆಗೆ ಸರಿಸಿದ.

ರುದ್ರಮುನಿಯವರು ಬಾಗಿಲಲ್ಲೇ ನಿಂತರು. "ನನ್ನ ಕುರ್ಚಿ ಎಲ್ಲಯ್ಯಾ?"

"ಎಲ್ಲಾ ದುಂಡಗೆ ಹಾಕಿದ್ದೀನಿ ಸಾರ್. ಯಾವುದರಲ್ಲಾದ್ರೂ ಕೂತ್ಕೊಳ್ಳಿ."

"ತಲೆ ಕೆಟ್ಟಿದೆಯಾ? ಮೊದಲು ಹೇಗಿತ್ತೋ ಹಾಗೇ ಹಾಕು!"

ಹಾಲಪ್ಪ ಜೇಬಿನಿಂದ ಖಾಲಿ ಹಾಳೆ ತೆಗೆದ, ಕಿವಿಗೆ ಸಿಕ್ಕಿಸಿದ್ದ ಪೆನ್ಸಿಲು ಇಳಿಸಿದ. "ಪಟ್ಟಿಗೆ ಮೊದಲನೇ ಹೆಸರು ಸಿಕ್ಕಿತು ಸಾರ್. ಇನಿಷಿಯಲ್ ಏನಂತ ಬರೀಲಿ?"

ರುದ್ರಮುನಿಯವರು ಹಾಳೆ ನೋಡಿದರು, ಚಾವಣಿ ನೋಡುತ್ತಿದ್ದ ಮೇಷ್ಟ್ರುಗಳನ್ನು ನೋಡಿದರು. ಆಮೇಲೆ ಡ್ರಾಯಿಂಗ್ ಮೇಷ್ಟ್ರ ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೆಲ್ಲಗೆ ಕೂತರು.

"ಪಟ್ಟಿ ಬೇಡ ಬಿಡಪ್ಪ. ಎಲ್ಲರಿಗೂ ಟೀ ತಗೊಂಡು ಬಾ."