ಸಪ್ಪೆಗುಡ್ಡದ ಎರಡು ಕಲ್ಬಾನಿ

ಬಿದರೆಗೊಂದಿಯಲ್ಲಿ ಬಸ್ಸಿಳಿದು ಬಡಗಣಕ್ಕೆ ತಿರುಗಿದರೆ ಕಾಣುವ ಬೋಳು ಗುಡ್ಡವೇ ಸಪ್ಪೆಗುಡ್ಡ. ಏರುವುದು ಕಷ್ಟವೇನಲ್ಲ, ನನ್ನ ಮೊಣಕಾಲೇ ಇನ್ನೂ ಒಪ್ಪುತ್ತದೆಂದ ಮೇಲೆ ಉಳಿದವರು ನೆವ ಹೇಳಬಾರದು. ಬುಡದಲ್ಲಿ ವೀರಗಲ್ಲುಗಳ ಒಂದು ಸಾಲು. ಮೇಲೆ ಗೋಪುರವಿಲ್ಲದ ಸಣ್ಣದೊಂದು ಅಮ್ಮನ ಗುಡಿ, ಅದರ ಮೂಡಲಿಗೊಂದು ಪಡುವಲಿಗೊಂದು ದೊಡ್ಡ ಕಲ್ಲಿನ ಬಾನಿ. ಇಲ್ಲಿ ಬಡಿಸುವ ಅನ್ನಕ್ಕೂ ತೊವ್ವೆಗೂ ಉಪ್ಪು ಹಾಕುವುದಿಲ್ಲ. ಹೊರಗಿನವರು ಒಂದು ತುತ್ತು ಬಾಯಿಗಿಟ್ಟು ಅಡುಗೆಯವರನ್ನು ಬೈಯುತ್ತಾರೆ. ಜೇಬಿನಿಂದ ಉಪ್ಪಿನಕಾಯಿ ಪೊಟ್ಟಣ ತೆಗೆದವರನ್ನೂ ನೋಡಿದ್ದೇನೆ. ಅಂಥವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕೂತು ಕೇಳುವ ವ್ಯವಧಾನವಿದ್ದವರಿಗೆ ಮಾತ್ರ ಈ ಸಂಗತಿ ಹೇಳುತ್ತೇನೆ.

ಹಿಂದೆ ಒಮ್ಮೆ ಬಿದರೆಗೊಂದಿ ಒಂದು ಪುಟ್ಟ ಪಾಳೆಯಪಟ್ಟಾಗಿತ್ತು. ಮೂಡಲಲ್ಲಿ ಒಬ್ಬ ದೊಡ್ಡ ದೊರೆ, ಪಡುವಲಲ್ಲಿ ಇನ್ನೊಬ್ಬ. ಇಬ್ಬರಿಗೂ ಬದ್ಧ ಹಗೆ. ಅವರ ಹೆಸರನ್ನು ನಮ್ಮ ಹಿರಿಯರು ಬೇಕೆಂದೇ ಹೇಳುವುದಿಲ್ಲ. ಯಾರ ಹೆಸರು ಮೊದಲು ಬಂದರೂ ಪಕ್ಷ ವಹಿಸಿದಂತಾಗುತ್ತದೆ ಎನ್ನುತ್ತಾರೆ. ಆ ಕಾಲಕ್ಕೆ ಒಂದು ಕಟ್ಟಳೆಯಿತ್ತು. ದೊರೆ ಕಳಿಸಿದ ಉಪ್ಪನ್ನು ಯಾವ ಪಾಳೆಯಗಾರನ ಮನೆಯಲ್ಲಿ ಉಂಡರೋ ಆ ಮನೆಯ ಗಂಡಸರು, ಅವರ ಹಿಂದೆ ಊರಿನ ಗಂಡಸರು, ಆ ದೊರೆಯ ದಂಡಿಗೆ ಹೋಗಲೇಬೇಕು. ನಮ್ಮ ಹಿರಿಯ ನಾಯಕ ಪಡುವಲವರ ಉಪ್ಪುಂಡು ಹೋಗಿ ಸತ್ತ. ಅವನ ಮಗ ಬೊಮ್ಮಣ್ಣ ನಾಯಕ ಮೂಡಲವರ ಉಪ್ಪುಂಡು ಹೋಗಿ ಸತ್ತ. ಬುಡದ ಸಾಲಿನಲ್ಲಿ ಅಪ್ಪ ಮಗನ ಕಲ್ಲುಗಳು ಒತ್ತಿಕೊಂಡೇ ನಿಂತಿವೆ. ಆಮೇಲೆ ಪಟ್ಟಕ್ಕೆ ಕೂತವಳು ಬೊಮ್ಮಣ್ಣನ ಹೆಂಡತಿ ಮುದ್ದವ್ವ ನಾಗತಿ. ಅವಳಿಗೆ ಗಾದ್ರಪ್ಪನೆಂಬ ಒಬ್ಬನೇ ಮಗ, ಚೊಚ್ಚಲ ಬಸುರಿಯಾದ ಸೊಸೆ.

ಮತ್ತೆ ಯುದ್ಧದ ಸುದ್ದಿ ಹಬ್ಬಿತು. ಎರಡೂ ಕಡೆಯಿಂದ ಉಪ್ಪಿನ ಮೂಟೆ ಹೊತ್ತ ಎತ್ತುಗಳು ಬಂದು ನಿಂತವು. ಒಲ್ಲೆನೆಂದರೆ ದೊರೆಗೆ ಅವಮಾನ, ಉಂಡರೆ ಮಗನಿಗೆ ಮರಣ. ನಾಗತಿ ಮೂಟೆಗಳನ್ನು ಗುಡ್ಡಕ್ಕೆ ಹೊರಿಸಿದಳು. ಮೂಡಲವರದನ್ನು ಮೂಡಲ ಬಾನಿಗೆ, ಪಡುವಲವರದನ್ನು ಪಡುವಲ ಬಾನಿಗೆ ಸುರಿಸಿ, ಅಮ್ಮನ ಕಾವಲಿಗೆ ಬಿಟ್ಟಳು. ಇಬ್ಬರ ರಾಯಭಾರಿಗಳಿಗೂ ಒಂದೇ ಉತ್ತರ ಕೊಟ್ಟಳು: "ನಿಮ್ಮ ಉಪ್ಪನ್ನು ತಳ್ಳಿಲ್ಲ, ಉಂಡೂ ಇಲ್ಲ. ಗಾಯಗೊಂಡು ಬಂದವರು ಯಾರ ಕಡೆಯವರಾದರೂ ನಮ್ಮಲ್ಲಿ ನೀರುಂಟು, ನೆರಳುಂಟು. ಕತ್ತಿ ಹಿಡಿದು ಬಂದವರಿಗೆ ದಾರಿಯಿಲ್ಲ."

ದೊರೆಗಳಿಗೆ ಸಿಟ್ಟು ಬಂತು. ಜನ್ಮದಲ್ಲಿ ಯಾವುದಕ್ಕೂ ಒಪ್ಪದ ಆ ಇಬ್ಬರೂ ಈ ಒಂದಕ್ಕೆ ಮಾತ್ರ ಒಪ್ಪಿದವರಂತೆ ಉಪ್ಪಿನ ವ್ಯಾಪಾರಿಗಳನ್ನು ತಡೆದರು. ಬಾಯಿ ಕೆಟ್ಟರೆ ಬಾನಿಗೆ ಕೈ ಹಾಕುತ್ತಾರೆ ಎಂಬುದು ಅವರ ಹಂಚಿಕೆ. ಊರಿಗೆ ಊರೇ ಸಪ್ಪೆ ಉಂಡಿತು. ಹುಣಿಸೆ, ಮೆಣಸಿನಕಾಯಿ ಹಾಕಿ ಎಷ್ಟು ಒದ್ದಾಡಿದರೂ ಮುದ್ದೆ ಗಂಟಲಿಗಿಳಿಯದು. ದನಗಳು ಗೋಡೆ ನೆಕ್ಕಿದವು. ಗೆಲ್ಲುವ ಕಡೆ ನೋಡಿ ಸೇರಿಕೊಳ್ಳೋಣ ಎಂದು ಗಾದ್ರಪ್ಪ ಕೂಗಾಡಿದ. ನಿಮ್ಮ ಅಪ್ಪನೂ ಗೆದ್ದ ಕಡೆಯಲ್ಲೇ ಸತ್ತದ್ದು ಎಂದಳಂತೆ ನಾಗತಿ.

ಒಂದು ದಿನ, ವಾರದಿಂದ ಊಟ ಬಿಟ್ಟಿದ್ದ ಸೊಸೆ ಗಂಜಿಯನ್ನೆಲ್ಲ ಕುಡಿದು ಬೆರಳು ನೆಕ್ಕುತ್ತಿದ್ದಳು. ನಾಗತಿಗೆ ಅನುಮಾನವಾಗಿ ಪಾತ್ರೆಗೆ ಬೆರಳಿಟ್ಟು ನಾಲಗೆಗೆ ಹಚ್ಚಿಕೊಂಡಳು. ಉಪ್ಪು! ಅಡುಗೆಯ ಬಾಳವ್ವ ಬಿಕ್ಕಿ ಬಿಕ್ಕಿ ಅತ್ತಳು. ಹುಡುಗಿಯ ಬಯಕೆ ನೋಡಲಾರದೆ ಪಡುವಲ ಬಾನಿಯಿಂದ ಒಂದು ಚಿಟಿಕೆ ತಂದಿದ್ದಳು, ಪಾಪ. ಕಟ್ಟಳೆಯಂತೆ ಗಾದ್ರಪ್ಪ ಈಗ ಪಡುವಲವರ ಆಳು. ಮನೆಯವರಿಗಷ್ಟೇ ಗೊತ್ತಿರುವುದು, ಮುಚ್ಚಿಟ್ಟರಾಯಿತು ಎಂದು ಅವನೇ ಅಂದ. ನಾಗತಿ ಒಪ್ಪಲಿಲ್ಲ. ಎಂದಾದರೂ ಬಯಲಾದರೆ ಊರಿನ ಯಾವ ಮಾತನ್ನೂ ಯಾರೂ ನಂಬುವುದಿಲ್ಲ ಎಂಬುದು ಅವಳ ಭಯ. ಬೆಳಗಾದದ್ದೇ ಒಬ್ಬಳೇ ಮೂಡಲ ದೊರೆಯ ಬಿಡಾರಕ್ಕೆ ನಡೆದಳು. ಊರು ಸುಡುತ್ತಾರೋ ತಲೆ ತೆಗೆಯುತ್ತಾರೋ ತಿಳಿಯದೆ, ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಆ ಮುದಿ ದೊರೆ, ಹೋಗಿ ಬಾ ತಾಯಿ, ಎಂದಷ್ಟೇ ಹೇಳಿದ.

ಅಲ್ಲಿಂದ ಪಡುವಲ ಬಿಡಾರಕ್ಕೆ ಹೋಗಿ ಅದನ್ನೇ ಹೇಳಿದಳು. ಆ ದೊರೆ ನಕ್ಕು, ಹಾಗಾದರೆ ಮಗನನ್ನು ಕಳಿಸು ಎಂದ.

"ನಮ್ಮಲ್ಲಿ ಬಸುರಿಯ ಬಯಕೆ ತೀರಿಸಿದವರು ಅದಕ್ಕೆ ಪ್ರತಿಫಲ ಕೇಳುವುದಿಲ್ಲ" ಎಂದಳು ನಾಗತಿ. "ನಿಮ್ಮಲ್ಲಿ ಕೇಳುವುದಾದರೆ ಹೇಳಿ, ಅವನೇ ಬರುತ್ತಾನೆ."

ತುಂಬಿದ ಸಭೆ. ದೊರೆ ತಲೆ ತಗ್ಗಿಸಿ, ಮಗ ಬರುವುದು ಬೇಡವೆಂದ ಎನ್ನುತ್ತಾರೆ.

ಯುದ್ಧ ಎಳೆದಾಡಿತು, ಎರಡು ದಂಡೂ ಸೋತು ಸುಣ್ಣವಾದವು. ಮಾತಾಡಿ ಮುಗಿಸೋಣವೆಂದರೆ ಒಬ್ಬರ ಬಿಡಾರದಲ್ಲಿ ಇನ್ನೊಬ್ಬರು ಉಣ್ಣುವಂತಿಲ್ಲ. ಉಪ್ಪಿನ ಕಟ್ಟಳೆ ದೊರೆಗಳಿಗೂ ಇತ್ತಲ್ಲ! ಕೊನೆಗೆ ಮೂಡಲ ದೊರೆಯೇ ಹೇಳಿಕಳಿಸಿದ, ಒಂದು ಚಿಟಿಕೆಯನ್ನೂ ಮುಚ್ಚಿಡದವಳ ಮನೆಯಲ್ಲಾದರೆ ಬರುತ್ತೇನೆಂದು. ಪಡುವಲದವನೂ ಒಪ್ಪಿದ. ಗುಡಿಯ ಮುಂದೆ ಇಬ್ಬರಿಗೂ ಒಂದೇ ಸಾಲಿನಲ್ಲಿ ಎಲೆ ಹಾಕಿ, ಊರು ಉಣ್ಣುತ್ತಿದ್ದುದನ್ನೇ ಗಾದ್ರಪ್ಪ ಬಡಿಸಿದ. ಮೊದಲ ತುತ್ತಿಗೇ ಪಡುವಲ ದೊರೆ ಮುಖ ಹಿಂಡಿದ. ಅದನ್ನು ನೋಡಿ ಮೂಡಲದವನಿಗೆ ನಗು ತಡೆಯಲಾಗಲಿಲ್ಲ. ತನ್ನ ತುತ್ತೂ ಒಳಗಿಳಿಯದೆ ನಗು ನಿಂತಿತು. ಇಷ್ಟು ದಿನ ನೀವು ಇದನ್ನೇ ಉಂಡಿರಾ ಎಂದು ಕೇಳಿದ.

"ಮಕ್ಕಳೂ ಉಂಡವು" ಎಂದಳು ನಾಗತಿ.

ಅಂದೇ ಗಡಿ ಗುರುತಾಯಿತು, ದಂಡುಗಳು ತಿರುಗಿದವು. ಬಾನಿಯ ಉಪ್ಪನ್ನು ಇನ್ನು ನೀವೇ ಬಳಸಿಕೊಳ್ಳಿ ಎಂದು ಇಬ್ಬರೂ ಉಪಚಾರ ಮಾಡಿದರು. ಆಗಲೂ ಅವಳು ಬಗ್ಗಲಿಲ್ಲ. ವ್ಯಾಪಾರಿಗಳಿಗೆ ದಾರಿ ಬಿಡಿ, ಕೊಂಡು ತಿನ್ನುತ್ತೇವೆ ಎಂದಳು. ಬಾನಿಯದನ್ನು ದನಗಳಿಗೆ ಹಾಕಿಸಿದಳು. ಸುತ್ತಿನ ಊರವರು ಗೇಲಿಗೆ ಸಪ್ಪೆಗುಡ್ಡವೆಂದರು, ನಮ್ಮವರು ಅದನ್ನೇ ಹೆಮ್ಮೆಯಿಂದ ಇಟ್ಟುಕೊಂಡರು.

ಇಂದಿಗೂ ಬಂದವರು ಎರಡೂ ಬಾನಿಗೆ ಒಂದೊಂದು ಹಿಡಿ ಉಪ್ಪು ಹಾಕುತ್ತಾರೆ. ಅದು ಊರ ದನಗಳಿಗೆ. ಬದುವಿನ ಜಗಳದವರು, ಮಾತು ಬಿಟ್ಟ ಬೀಗರು ಇಲ್ಲಿ ಒಟ್ಟಿಗೆ ಕೂತು ಸಪ್ಪೆ ಉಣ್ಣುತ್ತಾರೆ. ಎಲ್ಲರೂ ರಾಜಿಯಾಗುತ್ತಾರೆಂದು ನಾನು ಸುಳ್ಳು ಹೇಳುವುದಿಲ್ಲ, ಬಹಳ ಮಂದಿ ಆಗಿದ್ದಾರೆ. ಇಳಿಯುವಾಗ ವೀರಗಲ್ಲುಗಳನ್ನು ನೋಡಿ. ಸಾಲಿನ ಕೊನೆಯದು ಬೊಮ್ಮಣ್ಣನದು, ಆಚೆಗೆ ಬರೀ ಹುಲ್ಲು. ಗಾದ್ರಪ್ಪನ ಕಲ್ಲೆಲ್ಲಿ ಎಂದು ಬಂದವರು ಕೇಳುತ್ತಾರೆ. ಅವನು ಹಣ್ಣು ಹಣ್ಣು ಮುದುಕನಾಗಿ, ಮನೆಯ ಜಗಲಿಯ ಮೇಲೆ, ಮೊಮ್ಮಕ್ಕಳ ಗಲಾಟೆಯ ನಡುವೆ ಕಣ್ಣು ಮುಚ್ಚಿದ. ಹಾಗೆ ಸತ್ತವರಿಗೆ ವೀರಗಲ್ಲು ನಿಲ್ಲಿಸುವುದಿಲ್ಲ.