ಕುಂಬಾರನ ಕೆಂಡ

"ಬುದ್ಧಿ, ಹಿರಿಯರು ಹಚ್ಚಿಟ್ಟ ಬೆಂಕಿಯನ್ನು ನಾವಾಗಿಯೇ ಆರಿಸಬಹುದೇ?"

ಮಡಿವಾಳಯ್ಯ ಗುರುಗಳ ಮುಂದೆ ಕೂರುವ ಮೊದಲೇ ಕೇಳಿಬಿಟ್ಟ. ಮಠದ ದಾಸೋಹದ ಅಡುಗೆಮನೆ ಅವನ ಉಸ್ತುವಾರಿಯಲ್ಲಿತ್ತು. ಮಠ ಕಟ್ಟಿ, ಅದರ ಹಿಂದೆ ಹುಣಸೆಯ ತೋಪು ನೆಟ್ಟ ಹಿರಿಯ ಸ್ವಾಮಿಗಳೇ ಅಲ್ಲಿ ಒಲೆ ಹೊತ್ತಿಸಿದ್ದರು. ಅದು ಇಂದಿಗೂ ಆರಿರಲಿಲ್ಲ. ರಾತ್ರಿ ಕೆಂಡವನ್ನು ಬೂದಿಯಲ್ಲಿ ಮುಚ್ಚಿಡುವುದು, ಬೆಳಗ್ಗೆ ಅದನ್ನೇ ಊದಿ ಎಬ್ಬಿಸುವುದು ಅಲ್ಲಿನ ಪದ್ಧತಿ. ಈಗ ಭಕ್ತರಲ್ಲಿ ಕೆಲವರು ಮಾಳಿಗೆಯ ಮೇಲೆ ಸೋಲಾರ್ ತಟ್ಟೆ ಕೂರಿಸಿ, ಬಿಸಿಲಿನ ಹಬೆಯಲ್ಲಿ ಅನ್ನ ಬೇಯಿಸೋಣ ಎನ್ನುತ್ತಿದ್ದರು. ಮಾರನೆಯ ದಿನ ಸಭೆ. ಹಳೆಯ ಪದ್ಧತಿ ಬಲ್ಲವನೆಂದು ಮಡಿವಾಳಯ್ಯನ ಮಾತಿಗೆ ಅಲ್ಲಿ ತೂಕವಿತ್ತು. ಅವನು ಬೇಡವೆಂದರೆ ಬೇಡ.

ಬೇಡವೆನ್ನಲು ಅವನು ಸಿದ್ಧನಾಗಿಯೇ ಇದ್ದ. ಆದರೂ ಯಾಕೋ ಬೆಳಗಿನಿಂದ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒಲೆಯ ಬಳಿ ಹೋಗಿ ಬಂದ. ಉಗ್ರಾಣಕ್ಕೆ ಹೋಗಿ ಬಂದ. ತೋಪಿನಲ್ಲಿ ಸೌದೆ ಕಡಿಯುವವರ ಮೇಲೆ ಸುಮ್ಮಸುಮ್ಮನೆ ರೇಗಿ ಬಂದ. ಗುರುಗಳ ಮುಂದೆ ಕೂತ ಮೇಲೂ ಹೆಗಲ ವಸ್ತ್ರವನ್ನು ಮಡಿಸುತ್ತ, ಬಿಚ್ಚುತ್ತ, ಮತ್ತೆ ಮಡಿಸುತ್ತ ಇದ್ದ.

ಗುರುಗಳು ಅವನ ಕೈಯನ್ನೇ ನೋಡಿ ನಕ್ಕರು.

"ವಸ್ತ್ರ ಹರಿದೀತು. ಒಂದು ಕತೆ ಹೇಳುತ್ತೇನೆ, ಕೇಳು."

ಒಂದು ಗುಡ್ಡದ ಕೆಳಗೆ ಒಬ್ಬ ಕುಂಬಾರನಿದ್ದ. ಗುಡ್ಡದ ನೀರು ಹರಿದು ಊರ ಕೆರೆ ಸೇರುತ್ತಿತ್ತು. ಆ ಕೆರೆಯ ಜೇಡಿಮಣ್ಣು ಬೆಣ್ಣೆಯಂತಿತ್ತು. ಸುತ್ತಲಿನ ಊರುಗಳಲ್ಲಿ ಮದುವೆಯೆಂದರೆ ಪೂಜೆಯ ಮಡಕೆ ಅವನ ಮನೆಯಿಂದಲೇ ಹೋಗಬೇಕು. ಅವನ ಅಪ್ಪ ಸಾಯುವಾಗ ಹೇಳಿದ್ದ: ಮಡಕೆ ಸುಡುವ ಆವಿಗೆಗೆ ಗುಡ್ಡದ ಸೌದೆಯೇ ಆಗಬೇಕು, ಹೊತ್ತಿಸಲು ಹಿಂದಿನ ಸಲದ ಕೆಂಡವೇ ಆಗಬೇಕು, ನಮ್ಮ ಮಣ್ಣಿಗೆ ಜರಡಿ ಹಿಡಿಯುವುದೆಂದರೆ ಮಣ್ಣಿಗೆ ಅವಮಾನ. ಮಗ ಅದನ್ನು ಚಾಚೂ ತಪ್ಪದೆ ನಡೆಸಿದ. ಅವನಂಥ ನಿಷ್ಠಾವಂತ ಆ ಕುಲದಲ್ಲೇ ಇರಲಿಲ್ಲ. ಅದು ಅವನಿಗೂ ಗೊತ್ತಿತ್ತು, ಸ್ವಲ್ಪ ಹೆಚ್ಚಾಗಿಯೇ ಗೊತ್ತಿತ್ತು.

ಒಂದು ವರ್ಷ ಆವಿಗೆ ಬಿಚ್ಚಿದಾಗ ಕೆಲವು ಮಡಕೆ ಸೀಳಿದ್ದವು. ಮುಂದಿನ ವರ್ಷ ಇನ್ನಷ್ಟು ಸೀಳಿದವು. ಕುಂಬಾರನಿಗೆ ನಿದ್ದೆ ಹತ್ತದಾಯಿತು. ಬೆಂಕಿಗೇ ಏನೋ ಮೈಲಿಗೆಯಾಗಿದೆ ಎಂದುಕೊಂಡ. ಉಪವಾಸ ಹಿಡಿದ. ಆವಿಗೆಯ ಹತ್ತಿರ ಒಂದು ನರಪಿಳ್ಳೆಯನ್ನೂ ಬಿಡಲಿಲ್ಲ. ಅಪ್ಪನ ಕಾಲದಲ್ಲಿ ಉರಿ ಇನ್ನೂ ಜೋರಿತ್ತೇನೋ ಎಂದು ಗುಡ್ಡದಿಂದ ದಪ್ಪ ದಪ್ಪ ದಿಮ್ಮಿ ತರಿಸಿದ. ಮಡಕೆ ಒಡೆದ ಹಾಗೆಲ್ಲ ಮರ ಕಡಿಸಿದ. ಮಣ್ಣಿನ ಮೇಲೆ ಮಾತ್ರ ಅವನಿಗೆ ಅನುಮಾನವೇ ಬರಲಿಲ್ಲ. ಅದು ಅಪ್ಪ ತೋರಿಸಿಕೊಟ್ಟ ಮಣ್ಣು.

ಸೌದೆ ಸಿಗುವುದು ಕಷ್ಟವಾಗಿ ಊರಿನ ಉಳಿದ ಕುಂಬಾರರು ಬೇರೆ ದಾರಿ ಹುಡುಕಿದರು. ಗುಡ್ಡದ ನೆತ್ತಿಯಲ್ಲಿ ಗಾಳಿಯಂತ್ರ ಹಾಕಿಸಿ, ಆ ಕರೆಂಟಿನಲ್ಲಿ ಎಲ್ಲರೂ ಸೇರಿ ಒಂದೇ ಆವಿಗೆ ನಡೆಸೋಣ ಎಂದರು. ಹಿರಿಯನಾದ ಇವನು ಒಪ್ಪಬೇಕಿತ್ತು.

"ಗಾಳೀಲಿ ಸುಟ್ಟ ಮಡಕೆಗೆ ಅರಿಶಿನ ಕುಂಕುಮ ಹಚ್ತೀರೇನ್ರೋ?" ಎಂದು ಅವರನ್ನು ಬಾಗಿಲಿನಿಂದಲೇ ಅಟ್ಟಿದ.

ಆ ವರ್ಷ ಅವನ ಮಗಳ ಮದುವೆ ಕೂಡಿಬಂತು. ಊರಿಗೆಲ್ಲ ಮಡಕೆ ಕೊಟ್ಟವನು ಸ್ವಂತ ಮಗಳಿಗೆ ಕೊಡದಿರುತ್ತಾನೆಯೇ? ಆವಿಗೆಯಲ್ಲಿ ಗಟ್ಟಿಯಾಗಿ ಉಳಿದವನ್ನು ಆರಿಸಿ, ಬಣ್ಣ ಬರೆದು, ಚಪ್ಪರದಲ್ಲಿ ಸಾಲಾಗಿ ಇಟ್ಟ. ಬೀಗರು ಕೂತಿದ್ದರು. ಯಾರೂ ಮುಟ್ಟಿರಲಿಲ್ಲ. ಒಂದು ಮಡಕೆ ಟಪ್ಪೆಂದು ಬಿರಿಯಿತು. ಅದರ ಪಕ್ಕದ್ದೂ ಬಿರಿಯಿತು. ಮಗಳ ಮುಖ ಸಣ್ಣಗಾಯಿತು. ಇಂಥ ಅಪಶಕುನದ ಮೇಲೆ ಬೇರೆ ಮಡಕೆ ಇಡದೆ ಧಾರೆ ಇಲ್ಲ ಎಂದರು ಬೀಗರು. ಕುಂಬಾರನಿಗೆ ನಾಚಿಕೆಯಿಂದ ಜೀವವೇ ಹೋದಂತಾಯಿತು.

ಅವನು ಕೊಡಲಿ ಎತ್ತಿಕೊಂಡು ಗುಡ್ಡ ಹತ್ತಿದ. ಇನ್ನೊಂದು ಆವಿಗೆ ಸುಡಬೇಕು, ಇನ್ನೂ ದೊಡ್ಡ ಬೆಂಕಿ ಹಾಕಬೇಕು ಎಂಬುದೊಂದೇ ಅವನ ತಲೆಯಲ್ಲಿತ್ತು. ಗುಡ್ಡದಲ್ಲಿ ಒಂದೇ ಮರ ಉಳಿದಿತ್ತು. ಮಣ್ಣು ತೆಗೆಯುವ ಮೊದಲು ಅಪ್ಪ ಅದರ ಬುಡದಲ್ಲಿ ಕಾಯಿ ಒಡೆಯುತ್ತಿದ್ದ. ಕೊಡಲಿ ಎತ್ತಲು ಹೋದಾಗ ಎಡಗೈಯಲ್ಲಿ ಏನೋ ಚುಚ್ಚಿತು. ಬಿರಿದ ಮಡಕೆಯ ಚೂರನ್ನು ಅವನು ಚಪ್ಪರದಿಂದಲೇ ಹಿಡಿದುಕೊಂಡು ಬಂದಿದ್ದ. ಚೂರಿನ ಅಂಚಿನಲ್ಲಿ ಕಡಲೆಗಾತ್ರದ ಒಂದು ಸುಣ್ಣಕಲ್ಲು ಸಿಕ್ಕಿಕೊಂಡಿತ್ತು. ಮಣ್ಣಿನೊಡನೆ ಬೆಂದ ಅದೇ ಕಲ್ಲು ತೇವ ಹೀರಿ ಉಬ್ಬಿ ಮಡಕೆಯನ್ನು ಒಳಗಿನಿಂದ ಸೀಳಿತ್ತು. ಅದನ್ನು ಕಿತ್ತು ಕೆಳಗೆ ಎಸೆದ. ಬಿದ್ದದ್ದು ಎಲ್ಲಿ ಎಂದು ತಿಳಿಯಲಿಲ್ಲ, ಏಕೆಂದರೆ ಅವನ ಕಾಲ ಬಳಿ ಅಂಥದೇ ಕಲ್ಲು ಹಾಸಿಬಿದ್ದಿತ್ತು. ಮರಗಳಿದ್ದಾಗ ಬೇರು ಹಿಡಿದಿಟ್ಟಿದ್ದ ಕಲ್ಲು ಈಗ ಮಳೆಯೊಡನೆ ಜಾರುತ್ತಿತ್ತು. ಕಡಿದ ಬೊಡ್ಡೆಗಳ ನಡುವಿನಿಂದ ಕೆರೆಯವರೆಗೂ ಅದು ಬೆಳ್ಳಗೆ ಇಳಿದುಹೋಗಿತ್ತು.

ಕುಂಬಾರ ಕೊಡಲಿ ಕೆಳಗಿಟ್ಟ. ಅಳು ಬಂತು. ಅತ್ತ.

ಆಮೇಲೆ ತಾನು ಅಟ್ಟಿದವರ ಮನೆಗೇ ಹೋಗಿ ನಿಂತ. ಅವರಲ್ಲೊಬ್ಬನ ಅಟ್ಟದಲ್ಲಿ ತನ್ನ ಅಪ್ಪ ಮಾಡಿಕೊಟ್ಟಿದ್ದ ಹಳೆಯ ಮಡಕೆಗಳಿದ್ದವು. ಅವನ್ನೇ ಬೇಡಿ ತಂದಿಟ್ಟು ಮಗಳನ್ನು ಧಾರೆ ಎರೆದ. ಮಗಳನ್ನು ಕಳಿಸಿಕೊಟ್ಟ ಮೇಲೆ ಊರನ್ನು ಸೇರಿಸಿ, ಗಾಳಿಯಂತ್ರ ಬೇಕೆಂದು ತಾನೇ ಎದ್ದು ನಿಂತ.

"ನೀವೇ ಬೇಡ ಅಂದಿದ್ರಲ್ಲಣ್ಣ?" ಎಂದು ಒಬ್ಬ ಕಿಚಾಯಿಸಿದ.

"ಅಂದಿದ್ದೆ ಕಣಪ್ಪ. ನಮ್ಮಪ್ಪ ಬಿಟ್ಟುಹೋದ ಮಣ್ಣನ್ನ ನಮ್ಮಪ್ಪನ ಮಾತು ಹಿಡ್ಕೊಂಡೇ ಹಾಳು ಮಾಡ್ದೆ. ನಾನು ಹಳೇ ಮನುಷ್ಯ. ಹಳೇ ಮನುಷ್ಯನಾಗೇ ಕೇಳ್ತಿದೀನಿ, ಹಾಕ್ಸಿ. ಮಣ್ಣಿಗೆ ಜರಡಿನೂ ಹಿಡೀರಿ. ಇನ್ನು ಆ ಗುಡ್ಡಕ್ಕೆ ಕೊಡಲಿ ಹೋಗಬಾರ್ದು."

ಗುರುಗಳು ಕತೆ ನಿಲ್ಲಿಸಿದರು. ಮಡಿವಾಳಯ್ಯನಿಗೆ ತಡೆಯಲಾಗಲಿಲ್ಲ.

"ಆ ಕೆಂಡ ಏನಾಯಿತು, ಬುದ್ಧಿ?"

"ಹೊಸ ಆವಿಗೆಯ ಮುಂದೆ ದೀಪ ಹಚ್ಚಿದ್ದು ಅದರಿಂದಲೇ. ಈಗಲೂ ಹಾಗೇ ಹಚ್ಚುತ್ತಾರೆ. ದೀಪಕ್ಕೆ ಎಷ್ಟು ಕೆಂಡ ಬೇಕು?"

"ಗುಡ್ಡ ಚಿಗುರಿತೇ?"

"ಅವನು ಇರುವವರೆಗೆ ಇಲ್ಲ. ಗಿಡ ನೆಡುತ್ತಲೇ ಸತ್ತ."

ಮಡಿವಾಳಯ್ಯ ಎದ್ದ, ಮತ್ತೆ ಕೂತ. ಕತೆ ತನಗೇ ಹೇಳಿದ್ದೆಂದು ಅವನಿಗೆ ತಿಳಿಯದೆ ಇರಲಿಲ್ಲ. ಅದಕ್ಕೇ ಸಿಟ್ಟೂ ಬಂತು.

"ಆ ಕುಂಬಾರ ಕಣ್ಣಿದ್ದೂ ಕುರುಡ, ಬುದ್ಧಿ. ನಾನು ಹಾಗಲ್ಲ. ಹಿರಿಯ ಸ್ವಾಮಿಗಳು ಬಿಟ್ಟುಹೋದದ್ದರಲ್ಲಿ ಒಂದು ಕಡ್ಡಿಯನ್ನೂ ನಾನು ಹಾಳು ಮಾಡಿಲ್ಲ."

ತೋಪಿನ ಕಡೆಯಿಂದ ಕೊಡಲಿಯ ಸದ್ದು ಬರುತ್ತಲೇ ಇತ್ತು. ಗುರುಗಳು ಅತ್ತ ಕಿವಿಗೊಟ್ಟರು. ಕೇಳುತ್ತ ಕೇಳುತ್ತ ಮಡಿವಾಳಯ್ಯನ ಕೈ ವಸ್ತ್ರದ ಮೇಲೆ ಹಾಗೇ ನಿಂತುಹೋಯಿತು.

"ಇವತ್ತು ಒಲೆಗೆ ಹಾಕಿದ ಮರ ಯಾರು ನೆಟ್ಟದ್ದು, ಮಡಿವಾಳಯ್ಯ?"