ಕಮಾನಿನ ಕೆಳಗಿನ ಮರ

“ಫಾದರ್, ಇನ್ನೊಂದು ವರ್ಷ ನಿಮ್ಮ ಕೈಕೆಳಗೇ ಇರಲೇ? ಒಂದು ಊರಿನ ಇಗರ್ಜಿ ನಡೆಸುವುದು ನನ್ನೊಬ್ಬನಿಂದ ಆಗುತ್ತದೆಯೇ?” ಎಂದು ಪಾಸ್ಕಲ್ ಕೇಳಿದ.

ಆರು ವರ್ಷದಿಂದ ಅವನು ಮುದಿ ಪಾದ್ರಿ ಲಿಗೋರಿಯವರ ಸಹಾಯಕ. ಘಟ್ಟದ ಬುಡದ ಒಂದು ಊರಿಗೆ ಅವನನ್ನೇ ಪಾದ್ರಿಯಾಗಿ ಕಳಿಸುವ ಆದೇಶ ಬಂದಿತ್ತು. ತನ್ನಿಂದಾಗದು ಎಂದು ಬಿಷಪರಿಗೆ ಕಾಗದ ಬರೆದಿಟ್ಟಿದ್ದ. ಅದು ಸಂಜೆಯ ಟಪಾಲಿಗೆ ಹೋಗಬೇಕಿತ್ತು. ಕಾಗದ ಬರೆದಾಗಿನಿಂದ ಅವನಿಗೆ ಊಟ ಸೇರಿರಲಿಲ್ಲ.

“ಬಿಷಪರಿಗೆ ಇಲ್ಲ ಅನ್ನಲು ಮಾತ್ರ ಭಾರೀ ಧೈರ್ಯ ನಿನಗೆ!” ಎಂದು ಲಿಗೋರಿ ನಕ್ಕರು. “ಕೂತುಕೋ. ಒಂದು ಕತೆ ಕೇಳು. ಆಮೇಲೆ ಬೇಕಾದರೆ ಕಾಗದ ಹಾಕು.”

ಅವರು ಹೇಳಿದ ಕತೆ ಇದು.

ಏಳೆಂಟು ನೂರು ವರ್ಷಗಳ ಹಿಂದೆ, ಕಡಲಾಚೆಯ ಒಂದು ಸೀಮೆಯಲ್ಲಿ, ನಲವತ್ತು ಮನೆಗಳ ಒಂದು ಊರು. ಅಲ್ಲೊಂದು ಸಣ್ಣ ಇಗರ್ಜಿ. ಅಜ್ಜಂದಿರು ಮಣ್ಣಿನ ಗೋಡೆ ಎಬ್ಬಿಸಿದ್ದರು. ಅಪ್ಪಂದಿರು ಅದನ್ನು ಕೆಡವಿ ಕಲ್ಲಿನಲ್ಲಿ ಕಟ್ಟಿದರು. ಮಕ್ಕಳ ಕಾಲಕ್ಕೆ ಜಾಗ ಸಾಲದೆ, ಪಾದ್ರಿ ಪೂಜೆ ಅರ್ಪಿಸುವ ಬಲಿಪೀಠಕ್ಕೆಂದೇ ಪೂರ್ವದಲ್ಲಿ ಒಂದು ಕೋಣೆ ಸೇರಿಸಿದರು. ಜನ ಕೂರುವ ಹಜಾರಕ್ಕೂ ಆ ಕೋಣೆಗೂ ನಡುವೆ ದೊಡ್ಡದೊಂದು ಕಮಾನು ಆಗಬೇಕಿತ್ತು. ಪರವೂರಿನಿಂದ ಒಬ್ಬ ಕಲ್ಲುಕುಟಿಗನನ್ನು ಕರೆಸಿದರು.

ಕಮಾನಿನ ಕಲ್ಲು ಸುಮ್ಮನೆ ಗಾಳಿಯಲ್ಲಿ ನಿಲ್ಲುತ್ತದೆಯೇ? ಕಟ್ಟುವಾಗ ಕೆಳಗೆ ಮರದ ಆಸರೆ ಬೇಕು. ನಮ್ಮ ಮೇಸ್ತ್ರಿಗಳು ಸೆಂಟ್ರಿಂಗ್ ಅನ್ನುತ್ತಾರಲ್ಲ, ಅದೇ. ಕಲ್ಲುಕುಟಿಗ ದಪ್ಪ ದಪ್ಪ ಹಸಿಮರದ ಕಂಬಗಳನ್ನು ನಿಲ್ಲಿಸಿ, ಬುಡಕ್ಕೆ ಬೆಣೆ ಬಡಿದು, ಅವುಗಳ ಮೇಲೆ ಬಿಲ್ಲಿನಂತೆ ಬಾಗಿದ ಮರ ಕೂರಿಸಿ, ಅದರ ಮೇಲೆ ಕಲ್ಲು ಜೋಡಿಸಿದ. ನೆತ್ತಿಯ ಕಲ್ಲನ್ನೂ ಕೂರಿಸಿ, “ಗಾರೆ ಇನ್ನೂ ಹಸಿ. ನಾನು ಹೇಳುವವರೆಗೆ ಯಾರೂ ಮರ ಮುಟ್ಟಬಾರದು” ಎಂದ. ನಾಲ್ಕೇ ದಿನಕ್ಕೆ ಜ್ವರ ಬಂದು ತೀರಿಕೊಂಡ. ಇನ್ನು ಹೇಳುವವರು ಯಾರು?

ಊರವರು ಮುಟ್ಟಲಿಲ್ಲ. ಒಂದು ವರ್ಷವಾಯಿತು, ಹತ್ತಾಯಿತು, ನಲವತ್ತೂ ಆಯಿತು. ಪಾದ್ರಿ ಮೈ ಓರೆ ಮಾಡಿಕೊಂಡು ಕಂಬಗಳ ಸಂದಿಯಲ್ಲಿ ತೂರಿ ಬಲಿಪೀಠಕ್ಕೆ ಹೋಗುತ್ತಿದ್ದರು. ಹಜಾರದಲ್ಲಿ ಕೂತವರಿಗೆ ಅವರ ದನಿ ಮಾತ್ರ ಕೇಳುತ್ತಿತ್ತು. ಇಗರ್ಜಿ ಎಂದರೆ ಹೀಗೇ ಇರುವುದು ಎಂದು ಮಕ್ಕಳು ತಿಳಿದರು. ಎಂಥಾ ಬುದ್ಧಿವಂತರು ನೋಡು!

ಕೊನೆಗೆ ಮರಕ್ಕೆ ಹುಳ ಹಿಡಿಯಿತು. ಬದಲಿಸೋಣವೆಂದರೆ ಅಷ್ಟು ದಪ್ಪದ ಮರ ಸುತ್ತಲಿನ ಕಾಡಿನಲ್ಲಿ ಉಳಿದಿರಲಿಲ್ಲ. ಊರವರು ಸೇರಿ, ಕಮಾನನ್ನು ಕಲ್ಲಿನಿಂದ ಮುಚ್ಚಿಸಿ ಒಂದು ಕಿರುಬಾಗಿಲು ಬಿಡುವುದೆಂದು ತೀರ್ಮಾನಿಸಿದರು. ಹಜಾರ ಗುಡಿಸುವ ಮುದುಕಿಯೊಬ್ಬಳಿಗೆ ಇದನ್ನು ಕೇಳಿ ಸಂಕಟವಾಯಿತು. ಮದುವೆಯಾಗಿ ಆ ಊರಿಗೆ ಬಂದಾಗಿನಿಂದ ಅವಳು ಬಲಿಪೂಜೆಯನ್ನು ಕೇಳಿದ್ದಳೇ ಹೊರತು ಕಣ್ಣಾರೆ ಕಂಡಿರಲಿಲ್ಲ. ಸಾಯುವುದರೊಳಗೆ ಒಂದು ಸಲ ಕಾಣಬೇಕೆಂಬ ಆಸೆ ಅವಳಿಗೆ. ಗೋಡೆ ಎದ್ದರೆ ಆ ಆಸೆ ಅಲ್ಲಿಗೇ ಮುಗಿಯಿತು.

ಗೋಡೆಯ ಕೆಲಸ ನಾಳೆ ಎನ್ನುವಾಗ ಅವಳು ಏಣಿ ಹತ್ತಿ ಜೇಡರ ಬಲೆ ತೆಗೆಯುತ್ತಿದ್ದಳು. ಕೈಯಲ್ಲಿದ್ದ ಬಟ್ಟೆ ಮರಕ್ಕೂ ಕಲ್ಲಿಗೂ ನಡುವೆ ತೂರಿಹೋಯಿತು. ಕೈ ಚಾಚಿ ಆಚೆಯಿಂದ ಎಳೆದಳು, ಬಂತು. ಏಣಿ ಸರಿಸಿ ಇನ್ನೊಂದು ಕಡೆ ತೂರಿಸಿದಳು, ಅಲ್ಲೂ ಬಂತು. ಈ ತುದಿಯಿಂದ ಆ ತುದಿಯವರೆಗೆ ಮರ ಎಲ್ಲಿಯೂ ಕಲ್ಲಿಗೆ ತಾಗಿರಲಿಲ್ಲ. ಹಸಿಮರ ಒಣಗಿ ಯಾವಾಗಲೋ ಕುಗ್ಗಿಹೋಗಿತ್ತು.

“ಅಯ್ಯೋ ದೇವರೇ, ಎಲ್ಲರೂ ಬನ್ನಿ! ಈ ಮರ ಏನನ್ನೂ ಹೊತ್ತಿಲ್ಲ!” ಎಂದು ಅವಳು ಕೂಗಿಕೊಂಡಳು.

ಎಲ್ಲರೂ ಬಂದರು, ಬಟ್ಟೆ ತೂರಿಸಿ ನೋಡಿದರು. ಆದರೆ ಬೆಣೆ ಬಿಡಿಸಲು ಒಬ್ಬನೂ ಮುಂದೆ ಬರಲಿಲ್ಲ. ಸುತ್ತಿಗೆ ಕೈಯಿಂದ ಕೈಗೆ ದಾಟುತ್ತಾ ಹೋಯಿತು.

“ಕೊಡಿ ಇಲ್ಲಿ” ಎಂದು ಮುದುಕಿ ಅದನ್ನು ಕಿತ್ತುಕೊಂಡಳು. “ಬಿದ್ದರೆ ನನ್ನ ಮೇಲೆ ತಾನೇ ಬೀಳುವುದು? ನೀವೆಲ್ಲ ಹೊರಗೆ ನಿಂತುಕೊಳ್ಳಿ.”

ಅವಳು ಬೆಣೆಗಳನ್ನು ಒಂದೊಂದಾಗಿ ಹೊಡೆದಳು. ಕಂಬಗಳು ಧಡಧಡ ಉರುಳಿದವು. ಇಗರ್ಜಿ ತುಂಬ ಧೂಳೆದ್ದಿತು. ಧೂಳು ಇಳಿದಾಗ ಕಮಾನು ನಿಂತೇ ಇತ್ತು, ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ಮರುಭಾನುವಾರ ಮುದುಕಿ ಕೂತಲ್ಲಿಂದಲೇ ಬಲಿಪೂಜೆ ಕಂಡಳು. ಸಂತೋಷಕ್ಕೆ ಬಿಕ್ಕಿಬಿಕ್ಕಿ ಅತ್ತಳು.

ಲಿಗೋರಿ ಕತೆ ನಿಲ್ಲಿಸಿದರು. ಪಾಸ್ಕಲ್‌ಗೆ ಅಂಜಿಕೆ ಇನ್ನೂ ಬಿಟ್ಟಿರಲಿಲ್ಲ.

“ಕಲ್ಲಿನ ಮಾತು ಬೇರೆ, ಫಾದರ್. ಅಲ್ಲಿ ಬಟ್ಟೆ ತೂರಿಸಿ ನೋಡಬಹುದಿತ್ತು. ನಾನು ನಿಲ್ಲುತ್ತೇನೆಂದು ಹೇಗೆ ನೋಡುವುದು?”

“ಪ್ರತಿ ಶನಿವಾರ ನೀನು ತಂದು ತೋರಿಸುವ ಪ್ರವಚನದಲ್ಲಿ ನಾನು ಒಂದಕ್ಷರ ತಿದ್ದಿ ಮೂರು ವರ್ಷವಾಯಿತು, ಮಾರಾಯ.”